ಬೋರ್ಡ್ ಕೊಳ್ಳುವ ಮೊದಲು ಎಣಿಸಿಕೊಳ್ಳಿ

ಪ್ರಶ್ನೆ: ನಮ್ಮದು ಮದುವೆ, ನಾಮಕರಣಗಳ ಫೋಟೊ, ವಿಡಿಯೊ ಮಾಡುವ ಸಣ್ಣ ಸ್ಟುಡಿಯೊ. ಎಡಿಟಿಂಗಿಗೆ ಹೊಸ ಕಂಪ್ಯೂಟರ್ ಜೋಡಿಸಬೇಕು. ದುಬಾರಿ ಗೇಮಿಂಗ್ ಮದರ್‌ಬೋರ್ಡ್ ಹಾಕಿಸಿದರೆ ರೆಂಡರಿಂಗ್ ಬೇಗ ಮುಗಿಯುತ್ತದೆ ಎನ್ನುತ್ತಾರೆ. ನಿಜವೇ?
– ಸ್ಟುಡಿಯೊ ಮಾಲೀಕರು, ತಿಪಟೂರು

ಉತ್ತರ: ಇಲ್ಲ. ರೆಂಡರಿಂಗ್ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಒಂದೇ ಪ್ರೊಸೆಸರನ್ನು ಸಾಧಾರಣ ಬೋರ್ಡಿಗೆ ಕೂರಿಸಿದರೂ ದುಬಾರಿ ಬೋರ್ಡಿಗೆ ಕೂರಿಸಿದರೂ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಉದ್ದದ ಮದುವೆ ವಿಡಿಯೊ ರೆಂಡರ್ ಆಗುವಾಗ ಪ್ರೊಸೆಸರ್ ಬಿಡುವಿಲ್ಲದೆ ದುಡಿಯುತ್ತದೆ. ಅದಕ್ಕೆ ವಿದ್ಯುತ್ ಒದಗಿಸುವ ವಿಆರ್‌ಎಂ ಭಾಗ ವಿಪರೀತ ಕಾದರೆ ಪ್ರೊಸೆಸರಿನ ವೇಗವೂ ಇಳಿಯುತ್ತದೆ. ಆ ಭಾಗದ ಮೇಲೆ ಒಳ್ಳೆಯ ಹೀಟ್‌ಸಿಂಕ್ ಇರುವ ಬೋರ್ಡನ್ನೇ ಆರಿಸಿ.

ಬಣ್ಣದ ದೀಪಗಳಿಗೆ ಸುರಿಯುವ ಹಣವನ್ನು ರ‍್ಯಾಮ್‌ಗೆ ಹಾಕಿ. ಸ್ಲಾಟ್ ನಾಲ್ಕಿದ್ದರೂ 32 ಜಿಬಿಯ ಎರಡನ್ನು ಹಾಕಿಸಿ. ಡಿಡಿಆರ್5ರಲ್ಲಿ ನಾಲ್ಕೂ ತುಂಬಿದರೆ ಸಾಮಾನ್ಯವಾಗಿ ರ‍್ಯಾಮ್ ವೇಗ ತಗ್ಗುತ್ತದೆ.

ಬೋರ್ಡಿಗಿಂತ ಮೊದಲು ಪ್ರೊಸೆಸರ್ ಗೊತ್ತುಮಾಡಿ. ನಿಮ್ಮ ಕ್ಯಾಮೆರಾ ಎಚ್.265ನಲ್ಲಿ 10 ಬಿಟ್, 4:2:2 ರೆಕಾರ್ಡ್ ಮಾಡುತ್ತಿದ್ದರೆ ಇಂಟೆಲ್‌ನ ಕ್ವಿಕ್ ಸಿಂಕ್‌ನಿಂದ ಟೈಮ್‌ಲೈನ್ ತಡವರಿಸದೆ ಓಡುತ್ತದೆ. ಅದಿರುವುದು ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ನಲ್ಲಿ. ಹೆಸರಿನ ಕೊನೆಗೆ ‘ಎಫ್’ ಇರುವ ಮಾದರಿಗಳಲ್ಲಿ ಸಿಗದು. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೂ ಬಯಾಸ್‌ನಲ್ಲಿ ಅದು ಆನ್ ಇದೆಯೇ ನೋಡಿ.

ಪ್ರಶ್ನೆ: ಬಿ650 ಬೋರ್ಡಿಗೆ ಹೊಸ ರೈಜೆನ್ 9000 ಸರಣಿಯ ಪ್ರೊಸೆಸರ್ ಹಾಕಿದೆ. ಫ್ಯಾನ್ ತಿರುಗುತ್ತದೆ, ಮಾನಿಟರ್‌ನಲ್ಲಿ ಏನೂ ಬರುತ್ತಿಲ್ಲ. ಹಣ ಹೋಯಿತೇ?
– ವಿದ್ಯಾರ್ಥಿ, ಧಾರವಾಡ

ಉತ್ತರ: ಗಾಬರಿಯಾಗಬೇಡಿ. ಎಎಂ5 ಸಾಕೆಟ್ ಬಂದದ್ದು 2022ರಲ್ಲಿ, ರೈಜೆನ್ 9000 ಬಂದದ್ದು 2024ರಲ್ಲಿ. ಅಂಗಡಿಯಲ್ಲಿ ಬಹುಕಾಲ ಇದ್ದ ಬೋರ್ಡಿನ ಬಯಾಸ್‌ಗೆ ಹೊಸ ಪ್ರೊಸೆಸರಿನ ಗುರುತು ಇಲ್ಲದಿರಬಹುದು. ಹಿಂಭಾಗದಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದ್ದರೆ ಪೆನ್‌ಡ್ರೈವ್‌ನಿಂದಲೇ ಅಪ್‌ಡೇಟ್ ಮಾಡಬಹುದು. ನಡುವೆ ಕರೆಂಟ್ ಹೋದರೆ ಬೋರ್ಡ್ ಕೆಡುವ ಅಪಾಯವಿದೆ. ಯುಪಿಎಸ್ ಇಟ್ಟುಕೊಂಡೇ ಕೂರಿ.

ಪ್ರಶ್ನೆ: ಎರಡನೆಯ ಎಂ.2 ಎಸ್‌ಎಸ್‌ಡಿ ಹಾಕಿದ ದಿನದಿಂದ ಹಳೆಯ ಹಾರ್ಡ್ ಡಿಸ್ಕ್ ಕಾಣಿಸುತ್ತಿಲ್ಲ. ಹತ್ತು ವರ್ಷಗಳ ಫೋಟೊಗಳು ಅದರಲ್ಲಿವೆ.
– ಛಾಯಾಗ್ರಾಹಕಿ, ಶಿರಸಿ

ಉತ್ತರ: ನಿಮ್ಮ ಡಿಸ್ಕ್ ಕೆಟ್ಟಿಲ್ಲದಿರುವ ಸಾಧ್ಯತೆಯೇ ಹೆಚ್ಚು. ಹಲವು ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ಮತ್ತು ಕೆಲವು ಸಾಟಾ ಪೋರ್ಟ್‌ಗಳಿಗೆ ದಾರಿ ಒಂದೇ. ಸ್ಲಾಟ್ ತುಂಬಿದೊಡನೆ ಆ ಪೋರ್ಟ್ ನಿಂತುಹೋಗುತ್ತದೆ. ಕಂಪ್ಯೂಟರ್ ಆರಿಸಿ, ಸಾಟಾ ಕೇಬಲ್ಲನ್ನು ಬೇರೆ ಪೋರ್ಟಿಗೆ ಚುಚ್ಚಿ ನೋಡಿ. ಯಾವ ಪೋರ್ಟ್ ನಿಲ್ಲುತ್ತದೆ ಎಂಬುದು ಬೋರ್ಡಿನ ಕೈಪಿಡಿಯಲ್ಲಿರುತ್ತದೆ. ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿದರೆ ಯಾವ ಕಾರಣಕ್ಕೂ ಒಪ್ಪಬೇಡಿ.

ಹೊಸದಾಗಿ ಕೊಳ್ಳುವವರು ಇದನ್ನು ಮೊದಲೇ ಎಣಿಸಿಕೊಳ್ಳಲಿ: ವಿಂಡೋಸ್‌ಗೆ ಒಂದು ಎಂ.2, ನಡೆಯುತ್ತಿರುವ ಕೆಲಸಕ್ಕೆ ಇನ್ನೊಂದು, ಹಳೆಯ ಕಡತಗಳಿಗೆ ಎಷ್ಟು ಹಾರ್ಡ್ ಡಿಸ್ಕ್. ಕಾಗದದ ಮೇಲೆ ಬರೆದುಕೊಂಡು, ಅಷ್ಟೂ ಒಟ್ಟಿಗೆ ನಡೆಯುವ ಬೋರ್ಡನ್ನು ಕೇಳಿ ಪಡೆಯಿರಿ.

ನಿಮಗೆ ಇನ್ನೊಂದು ಮಾತು. ಡಿಸ್ಕ್ ಕಾಣಿಸಿದ ಕೂಡಲೇ ಆ ಫೋಟೊಗಳನ್ನು ಮತ್ತೊಂದು ಡಿಸ್ಕಿಗೆ ನಕಲು ಮಾಡಿ, ಬೇರೆ ಮನೆಯಲ್ಲಿಡಿ. ಬೋರ್ಡ್ ಹೋದರೆ ಇನ್ನೊಂದು ತರಬಹುದು. ಆ ಹತ್ತು ವರ್ಷಗಳನ್ನು ತರಲಾಗದು.