ಕಾನ್ವೆಂಟು ಮನೆ ಆದದ್ದು ಹೇಗೆ?

ಕಾನ್ವೆಂಟ್ ಅಂದ ತಕ್ಷಣ ನಮಗೆ ನೆನಪಾಗೋದು ಟೈ, ಶೂ, ಮತ್ತೆ ಕನ್ನಡ ಮಾತಾಡಿದರೆ ಬೀಳುತ್ತಿದ್ದ ಫೈನು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲಿ ಹೋದರೂ ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಜನ ಕಾನ್ವೆಂಟ್ ಅಂತಲೇ ಅನ್ನುತ್ತಾರೆ. ಆದರೆ ಆ ಪದದ ಹಳೆಯ ಅರ್ಥ ಸನ್ಯಾಸಿನಿಯರ ಮಠ. ಅಂಥ ಒಂದು ಮಠ ಮನೆಯಾಗಿ ಬದಲಾದ ಕಥೆಯನ್ನು ನಾವು ಈ ಸೆಮಿಸ್ಟರಿನಲ್ಲಿ ಹುಡುಕಿ ಓದಿದೆವು. ಯಾಕೆ ಓದಿದೆವು ಅನ್ನೋದನ್ನ ಮೊದಲು ಹೇಳಿಬಿಡುತ್ತೇವೆ.

ನಮ್ಮ ಕ್ಲಾಸಿನ ಒಬ್ಬನ ಅಜ್ಜಿ ಮನೆ ಶ್ರೀನಿವಾಸಪುರದ ಹತ್ತಿರದ ಒಂದು ಹಳ್ಳಿಯಲ್ಲಿದೆ. ತೊಟ್ಟಿ ಮನೆ. ನಡುವೆ ತೆರೆದ ತೊಟ್ಟಿ, ಸುತ್ತ ಮರದ ಕಂಬಗಳ ಪಡಸಾಲೆ, ಅದರ ಹಿಂದೆ ಕೋಣೆಗಳು. ಮಾವಂದಿರು ಅದನ್ನು ಕೆಡವಿ ಮೂರು ಅಂತಸ್ತಿನ ಆರ್‌ಸಿಸಿ ಕಟ್ಟಡ ಕಟ್ಟಿ ಬಾಡಿಗೆಗೆ ಕೊಡೋಣ ಅಂತಿದ್ದಾರೆ. ಅಜ್ಜಿ ಬೇಡ ಅಂತಿದ್ದಾರೆ. ‘ನೀವೆಲ್ಲ ಇಂಜಿನಿಯರಿಂಗ್ ಓದ್ತಿದ್ದೀರಲ್ಲಪ್ಪ, ನೀವೇ ಹೇಳ್ರಿ’ ಅಂದುಬಿಟ್ಟರು. ಸೆಕೆಂಡ್ ಇಯರಿನ ನಾವು ಏನು ಹೇಳೋದು? ಹಳೆ ಕಟ್ಟಡವನ್ನು ಬೇರೆಯವರು ಹೇಗೆ ಉಳಿಸಿಕೊಂಡರು ಅಂತ ನೋಡೋಣ ಅಂದುಕೊಂಡೆವು. ಆಗ ಸಿಕ್ಕಿದ್ದು ಲೇಕಾಕ್ ಅಬ್ಬಿ.

ಲೇಕಾಕ್ ಇರುವುದು ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ. ಹೆಸರು ಕೇಳಿಲ್ಲದಿದ್ದರೂ ನೀವು ಅದನ್ನು ನೋಡಿರುತ್ತೀರಿ: ಮೊದಲನೇ ಹ್ಯಾರಿ ಪಾಟರ್ ಸಿನಿಮಾದಲ್ಲಿ ಹಾಗ್ವರ್ಟ್ಸ್ ಶಾಲೆಯ ಕೆಲವು ದೃಶ್ಯಗಳನ್ನು ಇಲ್ಲೇ ತೆಗೆದದ್ದು. 1232ರಲ್ಲಿ ಸಾಲಿಸ್‌ಬರಿಯ ಕೌಂಟೆಸ್ ಎಲಾ, ಗಂಡ ತೀರಿಕೊಂಡ ಕೆಲವು ವರ್ಷಗಳ ಮೇಲೆ, ಈ ಮಠವನ್ನು ಕಟ್ಟಿಸಿದಳು. ಆಮೇಲೆ ತಾನೇ ಸನ್ಯಾಸಿನಿಯಾಗಿ ಸೇರಿ ಅದರ ಮೊದಲ ಮುಖ್ಯಸ್ಥೆಯೂ ಆದಳು. ಮುನ್ನೂರು ವರ್ಷ ಮಠ ನಡೆಯಿತು. ದೊರೆ ಎಂಟನೇ ಹೆನ್ರಿ ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸುತ್ತಾ ಬಂದಾಗ 1539ರಲ್ಲಿ ಇದಕ್ಕೂ ಬೀಗ ಬಿತ್ತು. ವಿಲಿಯಂ ಶಾರಿಂಗ್ಟನ್ ಎಂಬಾತ 783 ಪೌಂಡ್ ಕೊಟ್ಟು ಕೊಂಡುಕೊಂಡ. (ಈತ ಮುಂದೆ ಬ್ರಿಸ್ಟಲ್ ಟಂಕಸಾಲೆಯಲ್ಲಿ ನಾಣ್ಯದ ಗೋಲ್‌ಮಾಲ್ ಮಾಡಿ ಸಿಕ್ಕಿಬಿದ್ದು, ಹೇಗೋ ಕ್ಷಮೆ ಗಿಟ್ಟಿಸಿಕೊಂಡ. ಕಟ್ಟಡದ ವಿಷಯದಲ್ಲಿ ಮಾತ್ರ ಆಸಾಮಿಗೆ ಬುದ್ಧಿ ಇತ್ತು.)

ಈಗ ಪ್ಲಾನ್ ನೋಡೋಣ. ಒಂದು ಖಾಲಿ ಚೌಕ ಬರೆಯಿರಿ. ಅದು ಅಂಗಳ. ಅದರ ಸುತ್ತ ಮೇಲೆ ಕಲ್ಲಿನ ಚಾವಣಿ ಇರುವ, ಅಂಗಳದ ಕಡೆಗೆ ತೆರೆದ ಓಡಾಡುವ ಜಾಗ. ಇಂಗ್ಲಿಷಿನಲ್ಲಿ ಇದಕ್ಕೆ ಕ್ಲಾಯ್ಸ್ಟರ್ ಅನ್ನುತ್ತಾರೆ. ನಮ್ಮ ದೇವಸ್ಥಾನಗಳ ಪ್ರಾಕಾರದ ಗೋಡೆಗೆ ಆತುಕೊಂಡು ಹೋಗುವ ಕೈಸಾಲೆ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ. ಚೌಕದ ದಕ್ಷಿಣಕ್ಕೆ ದೊಡ್ಡ ಚರ್ಚು. ಉಳಿದ ಕಡೆ ಸಭೆ ಸೇರುವ ಕೋಣೆ, ಪೂಜಾ ಸಾಮಗ್ರಿ ಇಡುವ ಕೋಣೆ, ಚಳಿಗಾಲದಲ್ಲಿ ಬೆಂಕಿ ಕಾಯಿಸಿಕೊಳ್ಳುವ ಕೋಣೆ. ಮಲಗುವ ಜಾಗ, ಊಟದ ಜಾಗ ಮಹಡಿಯ ಮೇಲೆ.

ಶಾರಿಂಗ್ಟನ್ ಚರ್ಚನ್ನು ಕೆಡವಿಸಿದ, ಕೈಸಾಲೆಯನ್ನೂ ಕೋಣೆಗಳನ್ನೂ ಉಳಿಸಿಕೊಂಡ. ಯಾಕೆ ಹೀಗೆ? ನಮ್ಮ ಲೆಕ್ಕ ಇದು: ಚರ್ಚು ಅಂದರೆ ಒಂದೇ ಒಂದು ಎತ್ತರದ ಹಾಲು. ಅದನ್ನು ಮನೆ ಮಾಡಬೇಕಾದರೆ ಒಳಗೆ ಅಡ್ಡಗೋಡೆ, ನಡು ಅಂತಸ್ತು ಎಲ್ಲ ಹೊಸದಾಗಿ ಹಾಕಬೇಕು. ಅಂಗಳದ ಸುತ್ತಲಿನ ಭಾಗ ಹಾಗಲ್ಲ. ಅಲ್ಲಿ ಕೋಣೆಗಳು ಆಗಲೇ ಇವೆ, ಒಂದರಿಂದ ಇನ್ನೊಂದಕ್ಕೆ ಮಳೆಯಲ್ಲಿ ನೆನೆಯದೆ ಹೋಗುವ ದಾರಿಯೂ ಇದೆ. ಸನ್ಯಾಸಿನಿಯರಿಗೂ ಸಂಸಾರಸ್ಥರಿಗೂ ಬೇಕಾದದ್ದು ಒಂದೇ ಥರದ ಓಡಾಟ! ಆತ ಮಹಡಿಯನ್ನು ವಾಸದ ಮನೆ ಮಾಡಿಕೊಂಡ, ಕೆಳಗಿನ ಕೋಣೆಗಳನ್ನು ಹೆಚ್ಚು ಮುಟ್ಟಲಿಲ್ಲ. ಹಾಗಾಗಿ ಇವತ್ತಿಗೂ ಕೆಳಗೆ ನಡೆದರೆ ಮಠ, ಮೆಟ್ಟಿಲು ಹತ್ತಿದರೆ ಬಂಗಲೆ.

ಚರ್ಚನ್ನು ಕೆಡವಿದನಲ್ಲ, ಅದರ ಉತ್ತರದ ಗೋಡೆಯನ್ನು ಮಾತ್ರ ಬಿಟ್ಟ. ಅದೇ ಈಗ ಮನೆಯ ದಕ್ಷಿಣದ ಗೋಡೆ. ಇದನ್ನು ಓದಿದಾಗ ನಾವು ನಾಲ್ಕೂ ಜನ ಸ್ವಲ್ಪ ಹೊತ್ತು ಸುಮ್ಮನಾದೆವು. ಒಂದು ಕಟ್ಟಡದ ಒಳಗೋಡೆ ಇನ್ನೊಂದರ ಹೊರಗೋಡೆ ಆಗಬಹುದು ಅಂತ ನಮಗೆ ಹೊಳೆದೇ ಇರಲಿಲ್ಲ.

ಕೈಸಾಲೆಯ ಚಾವಣಿ ಬಗ್ಗೆ ಒಂದು ಮಾತು. ನಮ್ಮ ಕಡೆ ಕಲ್ಲಿನ ಕಂಬದ ಮೇಲೆ ತೊಲೆ, ತೊಲೆ ಮೇಲೆ ಚಪ್ಪಡಿ. ಚಪ್ಪಡಿ ಬಾಗಿದಾಗ ಅದರ ಕೆಳಮೈ ಎಳೆತಕ್ಕೆ ಸಿಗುತ್ತೆ, ಕಲ್ಲು ಎಳೆತ ತಡೆಯೋದರಲ್ಲಿ ವೀಕು. ಅದಕ್ಕೇ ನಮ್ಮ ಮಂಟಪಗಳಲ್ಲಿ ಕಂಬಗಳು ಅಷ್ಟು ಹತ್ತಿರ ಹತ್ತಿರ ಇರುತ್ತವೆ. ಲೇಕಾಕ್‌ನ ಕೈಸಾಲೆಯನ್ನು 15ನೇ ಶತಮಾನದಲ್ಲಿ ಹೊಸದಾಗಿ ಕಟ್ಟಿದರು, ಕಮಾನು ಚಾವಣಿ ಹಾಕಿ. ಕಮಾನಿನಲ್ಲಿ ಕಲ್ಲು ಕಲ್ಲನ್ನು ಒತ್ತುತ್ತದೆ, ಎಳೆತದ ತಾಪತ್ರಯ ಕಡಿಮೆ. ಆದರೆ ಭಾರ ಪಕ್ಕಕ್ಕೂ ತಳ್ಳುತ್ತದೆ, ಆದ್ದರಿಂದ ಆಸರೆಗೋಡೆ ಬೇಕು. ಒಂದು ಕಡೆಯ ಆಸರೆ ತೆಗೆದರೆ ಚಾವಣಿ ಕಾಲು ಚಾಚಿ ಕೂತುಬಿಡುತ್ತದೆ. ಹಳೆ ಕಟ್ಟಡದಲ್ಲಿ ‘ಈ ಗೋಡೆ ವೇಸ್ಟು’ ಅಂತ ಹೇಳುವ ಮುಂಚೆ ಅದು ಯಾರ ಭಾರ ಹೊತ್ತಿದೆ ಅಂತ ನೋಡಬೇಕು.

ಆಮೇಲಿನ ಮಾಲೀಕರೂ ಸುಮ್ಮನಿರಲಿಲ್ಲ. 1750ರ ದಶಕದಲ್ಲಿ ಸ್ಯಾಂಡರ್‌ಸನ್ ಮಿಲ್ಲರ್ ಎಂಬ ವಿನ್ಯಾಸಕಾರನಿಂದ ಒಂದು ದೊಡ್ಡ ಹಾಲು ಕಟ್ಟಿಸಿದರು, ಹಳೇ ಗಾಥಿಕ್ ಶೈಲಿಯನ್ನೇ ಹೊಸದಾಗಿ ಮಾಡಿ. ನಮಗೆ ಅದು ಅಷ್ಟಾಗಿ ಹಿಡಿಸಲಿಲ್ಲ, ಮದುವೆ ಸೆಟ್ ಥರ ಇದೆ.

ಆದರೆ ಆ ದಕ್ಷಿಣದ ಗೋಡೆಯ ಕಥೆ ಇನ್ನೂ ಇದೆ. 19ನೇ ಶತಮಾನದಲ್ಲಿ ಮನೆಯ ಯಜಮಾನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಅಲ್ಲಿ ಹೊರಕ್ಕೆ ಚಾಚಿಕೊಂಡ ಕಿಟಕಿಗಳನ್ನು ಇಡಿಸಿದ. ದಕ್ಷಿಣದ ಬಿಸಿಲು ಚೆನ್ನಾಗಿ ಒಳಗೆ ಬರುತ್ತಿತ್ತು. ಈತ ಸಣ್ಣ ಮರದ ಡಬ್ಬಿಗಳಿಗೆ ಲೆನ್ಸ್ ಹಾಕಿ, ಒಳಗೆ ಉಪ್ಪು ಮತ್ತು ಬೆಳ್ಳಿಯ ರಾಸಾಯನಿಕ ಸವರಿದ ಕಾಗದ ಇಟ್ಟು, ಮನೆ ತುಂಬ ಇಟ್ಟುಬಿಡುತ್ತಿದ್ದ. ಹೆಂಡತಿ ಅವನ್ನು ಇಲಿ ಬೋನು ಅಂತ ಆಡಿಕೊಳ್ಳುತ್ತಿದ್ದಳಂತೆ. 1835ರ ಆಗಸ್ಟಿನಲ್ಲಿ ಅಂಥ ಒಂದು ಬೋನಿಗೆ ಆ ಕಿಟಕಿ ಬಿತ್ತು. ಅಂಚೆ ಚೀಟಿಯಷ್ಟು ಸಣ್ಣ ಚಿತ್ರ, ಬೆಳಕು ಕಪ್ಪಾಗಿ, ನೆರಳು ಬಿಳಿಯಾಗಿ. ಇವತ್ತಿಗೆ ಉಳಿದಿರುವ ಕ್ಯಾಮೆರಾ ನೆಗೆಟಿವ್‌ಗಳಲ್ಲಿ ಅದೇ ಅತ್ಯಂತ ಹಳೆಯದು. ಅಂದರೆ ಕೆಡವಿದ ಚರ್ಚಿನ ಉಳಿದ ಗೋಡೆಯಲ್ಲಿ ಕೂರಿಸಿದ ಕಿಟಕಿ! 1944ರಲ್ಲಿ ಮಟಿಲ್ಡಾ ಟಾಲ್ಬಟ್ ಮನೆಯನ್ನೂ ಹಳ್ಳಿಯನ್ನೂ ನ್ಯಾಷನಲ್ ಟ್ರಸ್ಟಿಗೆ ಬಿಟ್ಟುಕೊಟ್ಟರು.

ನಮ್ಮ ಅಜ್ಜಿ ಮನೆಗೆ ಯಾವ ಟ್ರಸ್ಟೂ ಬರೋದಿಲ್ಲ, ಅದು ನಮಗೂ ಗೊತ್ತು. ಬಾಡಿಗೆ ಬೇಕು ಅನ್ನುವ ಮಾವಂದಿರ ಮಾತೂ ಸುಳ್ಳಲ್ಲ. ಹೋದ ಭಾನುವಾರ ಹೋಗಿ ಅಳತೆ ತೆಗೆದೆವು. ಮಣ್ಣಿನ ಗೋಡೆ ಎರಡಡಿ ದಪ್ಪ. ಹಿಂದಿನ ದನದ ಕೊಟ್ಟಿಗೆ ಬಿದ್ದೇ ಹೋಗಿದೆ, ಕೆಡವಿ ಹೊಸದು ಕಟ್ಟಬೇಕಾದರೆ ಅಲ್ಲಿ ಜಾಗ ಇದೆ. ತೊಟ್ಟಿ, ಪಡಸಾಲೆ, ಮುಂದಿನ ಎರಡು ಕೋಣೆ ಗಟ್ಟಿಯಾಗಿವೆ. ಅದನ್ನು ಉಳಿಸಿ, ಕೊಟ್ಟಿಗೆ ಜಾಗದಲ್ಲಿ ಬಾಡಿಗೆ ಮನೆ ಎಬ್ಬಿಸುವ ಪ್ಲಾನ್ ಒಂದನ್ನು ಬರೆದು ತೋರಿಸಿದೆವು. ದೊಡ್ಡ ಮಾವ ತುಂಬ ಹೊತ್ತು ನೋಡಿದರು. ‘ನೀರು ಎಲ್ಲಿಂದ ಹರಿಯುತ್ತೆ?’ ಅಂತ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ, ತೊಟ್ಟಿಯ ಮೋರಿ ಕೊಟ್ಟಿಗೆಯ ಕೆಳಗೇ ಹೋಗುತ್ತದೆ. ಮುಂದಿನ ಭಾನುವಾರ ಅದರ ಲೆವೆಲ್ ತೆಗೆಯಬೇಕು. ಟೇಪ್ ಹಿಡಿಯೋಕೆ ಇನ್ನಿಬ್ಬರು ಬೇಕು, ಬರುವವರು ಸಂಘದ ರೂಮಿನಲ್ಲಿ ಹೆಸರು ಕೊಡಿ. ಊಟ ಅಜ್ಜಿ ಮನೆಯಲ್ಲೇ.