ಸೇತುವೆಗೆ ಸಿಕ್ಕಿದ ದಿಮ್ಮಿ: ತೆಗೆಯಬೇಕಾದವರು ಯಾರು, ತೆಗೆಸುವ ದಾರಿ ಯಾವುದು?

ಕುದುರೆಮುಖದ ಕಡೆ ಮಳೆ ಬಿಡದೆ ಹೊಯ್ದಾಗ ಕಳಸ–ಹೊರನಾಡು ರಸ್ತೆಯ ಹೆಬ್ಬಾಳೆ ಸೇತುವೆ ಭದ್ರೆಯ ಕೆನ್ನೀರಿನಡಿ ಮುಳುಗುತ್ತದೆ. ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಹೊರಟವರು, ಶಾಲೆಗೆ ಹೋಗುವ ಮಕ್ಕಳು, ತೋಟದ ಕೂಲಿಯವರು ಹಳುವಳ್ಳಿ ದಾರಿಯಲ್ಲಿ ಸುತ್ತು ಹಾಕುತ್ತಾರೆ. ನೀರು ಇಳಿದಾಗ ಎದ್ದು ಕಾಣುವ ಸೇತುವೆ ಮೊದಲಿನ ಸೇತುವೆಯಾಗಿ ಉಳಿದಿರುವುದಿಲ್ಲ. ಬೇರು ಸಮೇತ ಕಿತ್ತು ಬಂದ ಮರ, ಬಿದಿರಿನ ಬುಡ, ಅದರ ಸಂದಿಯಲ್ಲಿ ಅಡಿಕೆ ಹಾಳೆ ಮತ್ತು ಪ್ಲಾಸ್ಟಿಕ್, ಎಲ್ಲಕ್ಕಿಂತ ಕೆಳಗೆ ಕಿಂಡಿಗೆ ಅಡ್ಡ ಕೂತ ಒಂದೋ ಎರಡೋ ದಿಮ್ಮಿ. ಊರಿನ ಹುಡುಗರು ಕತ್ತಿ, ಹಗ್ಗ ಹಿಡಿದು ಇಳಿಯುವುದು ಆಗಲೇ.

ಆ ಉತ್ಸಾಹವನ್ನು ಹಗುರವಾಗಿ ನೋಡುವಂತಿಲ್ಲ. ಮಲೆನಾಡಿನಲ್ಲಿ ಸಂಕ ಕಟ್ಟಿದ್ದೂ ಊರವರೇ, ಮುರಿದಾಗ ಅಡಿಕೆ ಮರ ಹಾಸಿ ದಾಟಿದ್ದೂ ಊರವರೇ. ಆದರೆ ಹೊಳೆಗೆ ಸಿಕ್ಕ ದಿಮ್ಮಿಯ ಲೆಕ್ಕ ಬೇರೆ. ಇಪ್ಪತ್ತು ಅಡಿ ಉದ್ದ, ಎರಡು ಅಡಿ ದಪ್ಪದ ಹಸಿ ಮರ ಸುಮಾರು ಒಂದೂವರೆ ಟನ್ ತೂಗುತ್ತದೆ. ಅದರ ಬೆನ್ನಿಗೆ ಇಡೀ ಹೊಳೆಯ ಒತ್ತಡ. ಕಟ್ಟು ಸಡಿಲಿದ ಗಳಿಗೆಯಲ್ಲಿ ಅದು ಯಾವ ಕಡೆ ತಿರುಗುತ್ತದೆ ಎಂದು ಯಾರೂ ಹೇಳಲಾರರು. 2022ರ ಆಗಸ್ಟ್‌ನಲ್ಲಿ ಪಕ್ಕದ ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನ ಹರಿಹರ ಪಳ್ಳತ್ತಡ್ಕದಲ್ಲಿ ಆದದ್ದೂ ಇದೇ. ಸೇತುವೆಗೆ ಸಿಕ್ಕಿದ್ದ ಮರಗಳನ್ನು ಕ್ರೇನ್‌ನಿಂದ ತೆಗೆಯುವಾಗ ಅದನ್ನು ನಡೆಸುತ್ತಿದ್ದವರೇ ತುಂಬಿದ ಹೊಳೆಗೆ ಬಿದ್ದರು. ಸ್ಥಳೀಯರೊಬ್ಬರು ಪ್ರಾಣದ ಹಂಗು ತೊರೆದು ಧುಮುಕಿ ಅವರನ್ನು ಉಳಿಸಿದರು. ಯಂತ್ರವಿದ್ದ ಕಡೆಯೇ ಹೀಗಾದರೆ ಬರಿಗೈಯಲ್ಲಿ ಇಳಿದವರ ಗತಿಯೇನು?

ಮರ ತೆಗೆಸಿಕೊಳ್ಳುವುದು ನಾಗರಿಕರ ಹಕ್ಕು. ಅದಕ್ಕಾಗಿ ನೀರಿಗಿಳಿಯುವುದು ಅವರ ಹೊಣೆಯಲ್ಲ. ಈ ಹಕ್ಕನ್ನು ಚಲಾಯಿಸಲು ಬೇಕಾದ ಕಾನೂನುಗಳೆಲ್ಲ ಈಗಾಗಲೇ ಇವೆ.

ಮೊದಲು ತಿಳಿಯಬೇಕಾದದ್ದು ಸೇತುವೆ ಯಾರ ಸುಪರ್ದಿಯಲ್ಲಿದೆ ಎಂಬುದು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆಯ ಸೇತುವೆಗಳು ಸಾಮಾನ್ಯವಾಗಿ ಲೋಕೋಪಯೋಗಿ ಇಲಾಖೆಯವು, ಹಳ್ಳಿ ರಸ್ತೆಯವು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದವು, ರಾಷ್ಟ್ರೀಯ ಹೆದ್ದಾರಿಯದ್ದಕ್ಕೆ ಬೇರೆಯೇ ವಿಭಾಗ. ತೋಟದ ನಡುವಿನ ಕಾಲುಸಂಕದ ವಿಷಯದಲ್ಲಿ ಇದು ಇನ್ನಷ್ಟು ಗೋಜಲು. ಆದರೆ ಮಳೆ ಸುರಿಯುವಾಗ ಈ ಗೋಜಲನ್ನು ಬಿಡಿಸುವ ಕೆಲಸ ಜನರದ್ದಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಅದಕ್ಕೆಂದೇ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರವನ್ನು ಕೊಟ್ಟಿದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ವಾಹನ ಸಂಚಾರ ತಡೆಯುವ, ಅವಶೇಷ ತೆರವು ಮಾಡುವ ಅಧಿಕಾರ 34ನೇ ಕಲಮಿನಲ್ಲಿದೆ. 33ನೇ ಕಲಮಿನಡಿ ಯಾವುದೇ ಇಲಾಖೆಯ ಅಧಿಕಾರಿಗೆ ಪ್ರಾಧಿಕಾರ ಕೆಲಸ ಒಪ್ಪಿಸಬಹುದು. ಹತ್ತಿರದ ಎಸ್ಟೇಟಿನಲ್ಲಿ ನಿಂತ ಹಿಟಾಚಿ ಬೇಕೆಂದರೆ 65ನೇ ಕಲಮಿನಡಿ ವಶಕ್ಕೆ ಪಡೆಯಬಹುದು, 66ನೇ ಕಲಮಿನಂತೆ ಮಾಲೀಕರಿಗೆ ಅದರ ಹಣ ಸಲ್ಲಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ‘ಟೆಂಡರ್ ಆಗಬೇಕು, ಮೇಲಿಂದ ಮಂಜೂರಾತಿ ಬರಬೇಕು’ ಎಂಬ ಉತ್ತರ ಕೇಳಿ ವಾಪಸಾಗುವ ಹಳ್ಳಿಗರು ಬಹಳ. ಅದೇ ಕಾಯ್ದೆಯ 50ನೇ ಕಲಂ ಇಂಥ ಹೊತ್ತಿಗೆಂದೇ ಬರೆದದ್ದು: ವಿಪತ್ತು ಬಂದಾಗ ಅಥವಾ ಬರುವಂತಿರುವಾಗ ತುರ್ತು ಖರೀದಿಗೆ ಪ್ರಾಧಿಕಾರ ಅನುಮತಿ ಕೊಡಬಹುದು, ಆಗ ಟೆಂಡರ್ ಕರೆಯುವ ನಿಯಮಕ್ಕೆ ವಿನಾಯಿತಿ ದೊರೆತಂತೆಯೇ. ಅರ್ಜಿಯಲ್ಲಿ ಈ ಕಲಮನ್ನು ಹೆಸರಿಸಿ ಬರೆದರೆ ಆ ಉತ್ತರ ಅಷ್ಟು ಸುಲಭವಾಗಿ ಬಾರದು. ಕಾಯ್ದೆ ಹೊರಿಸಿದ ಕರ್ತವ್ಯವನ್ನು ಸಕಾರಣವಿಲ್ಲದೆ ನಿರಾಕರಿಸುವ ಅಧಿಕಾರಿಗೆ 56ನೇ ಕಲಮಿನಡಿ ಒಂದು ವರ್ಷದವರೆಗೆ ಸೆರೆ ಅಥವಾ ದಂಡ ಇದೆ. ಬ್ಯಾರಿಕೇಡ್ ಸರಿಸಿ ನೀರು ಹರಿಯುವ ಸೇತುವೆಗೆ ಜೀಪು ನುಗ್ಗಿಸುವವರಿಗೂ ಕಾಯ್ದೆಯಲ್ಲಿ ಜಾಗವಿದೆ. ಪ್ರಾಧಿಕಾರದ ಪರವಾಗಿ ಕೊಟ್ಟ ನಿರ್ದೇಶನ ಪಾಲಿಸದಿದ್ದರೆ 51ನೇ ಕಲಂ ಅವರ ಮೇಲೆ ಬರುತ್ತದೆ.

ದಿಮ್ಮಿ ಕಂಡವರು ಮೊದಲು ಮಾಡಬೇಕಾದದ್ದು ಫೋನು. ಜೀವಕ್ಕೆ ಅಪಾಯವಿದ್ದರೆ 112, ಜಿಲ್ಲಾ ವಿಪತ್ತು ಸಹಾಯವಾಣಿ 1077. ತಂತಿ ಹರಿದು ನೀರಿಗೆ ಬಿದ್ದಿದ್ದರೆ ಎಲ್ಲಕ್ಕಿಂತ ಮೊದಲು ಮೆಸ್ಕಾಂನ 1912. ಸೇತುವೆಯ ಹೆಸರು, ಯಾವ ಹೊಳೆ, ನೀರು ಹಲಗೆಯ ಮೇಲಿದೆಯೋ ಕೆಳಗಿದೆಯೋ, ಎಷ್ಟು ಕಿಂಡಿ ಮುಚ್ಚಿವೆ, ಕೂಡುರಸ್ತೆ ಕೊರೆದಿದೆಯೇ – ಇಷ್ಟು ಹೇಳಿದರೆ ಆ ತುದಿಯಲ್ಲಿರುವವರು ಯಾವ ಯಂತ್ರ ಕಳಿಸಬೇಕೆಂದು ತೀರ್ಮಾನಿಸಬಲ್ಲರು. ದಡದ ಮೇಲಿಂದಲೇ ಫೋಟೊ ತೆಗೆದು ಗ್ರಾಮ ಆಡಳಿತ ಅಧಿಕಾರಿಗೂ ಪಿಡಿಒಗೂ ವಾಟ್ಸಾಪ್ ಮಾಡಿದರೆ ದಿನಾಂಕ, ವೇಳೆ ದಾಖಲಾಗುತ್ತದೆ. ಕೆಲಸ ಆಗದಿದ್ದರೆ ರಾಜ್ಯದ ಕುಂದುಕೊರತೆ ವ್ಯವಸ್ಥೆಯ 1902ಕ್ಕೆ ದೂರು ಕೊಟ್ಟು ನೋಂದಣಿ ಸಂಖ್ಯೆ ಪಡೆಯಬೇಕು.

ದೂರಿಗೂ ಜಗ್ಗದಿದ್ದರೆ? ತಹಶೀಲ್ದಾರರಾಗಲಿ ಉಪವಿಭಾಗಾಧಿಕಾರಿಯಾಗಲಿ ಕಂದಾಯ ಅಧಿಕಾರಿ ಮಾತ್ರವಲ್ಲ, ಕಾರ್ಯನಿರ್ವಾಹಕ ದಂಡಾಧಿಕಾರಿಯೂ ಹೌದು. ದಾರಿ, ನದಿ, ಕಾಲುವೆಗೆ ಒಡ್ಡಿದ ಕಾನೂನುಬಾಹಿರ ಅಡಚಣೆಯನ್ನು ತೆಗೆಯಲು ಷರತ್ತುಬದ್ಧ ಆದೇಶ ಹೊರಡಿಸುವ ಅಧಿಕಾರ ಹಿಂದೆ ಸಿಆರ್‌ಪಿಸಿಯ 133ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 152ನೇ ಕಲಂ. ಹೊಳೆ ತಾನಾಗಿ ತಂದ ಮರಕ್ಕಿಂತ, ಯಾರೋ ಕಡಿದು ದಡಕ್ಕೆ ದೂಡಿದ ನಾಟಾ ಅಥವಾ ಕೊಂಬೆಯ ರಾಶಿಗೆ ಇದು ಹೆಚ್ಚು ಒಪ್ಪುತ್ತದೆ. 1980ರ ರತ್ಲಾಮ್ ಪುರಸಭೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಣವಿಲ್ಲವೆಂಬ ಕಾರಣಕ್ಕೆ ಸ್ಥಳೀಯ ಸಂಸ್ಥೆ ಈ ಕರ್ತವ್ಯದಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದಿತು. ಅಲ್ಲಿನ ವಿಷಯ ಚರಂಡಿ. ಆದರೆ ‘ಅನುದಾನ ಇಲ್ಲ’ ಎಂಬ ಮಾತಿಗೆ ಆ ತೀರ್ಪು ಇಂದಿಗೂ ಉತ್ತರ.

ಈಗ ದಿಮ್ಮಿಯ ಮಾತು. ನೀರಿನಲ್ಲಿ ಬಂದದ್ದು ಸಿಕ್ಕವರ ಪಾಲು ಎಂಬ ನಂಬಿಕೆ ಹೊಳೆ ದಂಡೆಯ ಊರುಗಳಲ್ಲಿ ಹಳೆಯದು. ಕಾನೂನು ಹಾಗೆ ಹೇಳುವುದಿಲ್ಲ. 1927ರ ಭಾರತೀಯ ಅರಣ್ಯ ಕಾಯ್ದೆಯ 45ನೇ ಕಲಮಿನ ಪ್ರಕಾರ ತೇಲಿ ಬಂದ, ದಡಕ್ಕೆ ಬಿದ್ದ, ಸಿಕ್ಕಿಕೊಂಡ, ಮುಳುಗಿದ ಮರವೆಲ್ಲ ಯಾರಾದರೂ ತಮ್ಮದೆಂದು ಸಾಬೀತು ಮಾಡುವವರೆಗೆ ಸರ್ಕಾರದ್ದು. 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ತೇಲುಮರಕ್ಕೆ ಪ್ರತ್ಯೇಕ ಅಧ್ಯಾಯವಿಟ್ಟು ಇದೇ ತತ್ವವನ್ನು ಹಿಡಿದಿದೆ. ಹಾಗಾಗಿ ಸೇತುವೆಯಿಂದ ಎಳೆದ ಬೀಟೆಯೋ ಹೊನ್ನೆಯೋ ಪಿಕಪ್ ಹತ್ತಿ ಸಾಮಿಲ್ಲಿಗೆ ಹೋದರೆ, ಬೆಳಿಗ್ಗೆ ಊರಿಗೆ ಉಪಕಾರ ಮಾಡಿದವರೇ ಸಂಜೆ ಅರಣ್ಯ ಅಪರಾಧದ ಆರೋಪಿಗಳಾಗಬಹುದು. ತೆರವಾದ ಮರವನ್ನು ದಡದಲ್ಲೇ ಒಟ್ಟಿ, ವಲಯ ಅರಣ್ಯ ಕಚೇರಿಯವರಿಂದ ಮಹಜರು ಮಾಡಿಸುವುದು ಒಳ್ಳೆಯದು. ಅದೇ ಹೊತ್ತಿಗೆ, ಮರ ಕೊಚ್ಚಿಹೋಗಿ ನಷ್ಟವಾದ ಬೆಳೆಗಾರರಿಗೂ ಹಕ್ಕಿದೆ. ಕೇಂದ್ರ ಕಾಯ್ದೆಯ 46ನೇ ಕಲಮಿನಂತೆ ಇಂಥ ಮರದ ವಿವರದೊಂದಿಗೆ ನೋಟಿಸು ಹೊರಡಬೇಕು, ಹಕ್ಕು ಮಂಡಿಸಲು ಕನಿಷ್ಠ ಎರಡು ತಿಂಗಳು ಕಾಲಾವಕಾಶ ಕೊಡಬೇಕು. ಕಡಿದು ಒಟ್ಟಿದ್ದ ಮರಕ್ಕೆ ಪರವಾನಗಿಯ ನಕಲು, ಗುರುತಿನ ಸುತ್ತಿಗೆಯ ಮುದ್ರೆ, ಅಳತೆ ಪಟ್ಟಿ ಇದ್ದರೆ ಸಾಬೀತು ಮಾಡುವುದು ಕಷ್ಟವಲ್ಲ.

ತೆಗೆಯುವ ಕೆಲಸ ಹೇಗೆ ನಡೆಯಬೇಕು ಎಂಬುದನ್ನೂ ಊರವರು ತಿಳಿದಿರಬೇಕು. ದಡದಲ್ಲಿ ನಿಂತು ‘ಹೀಗೆ ಬೇಡ’ ಎನ್ನಲು ಆ ತಿಳಿವಳಿಕೆಯೇ ಬಲ. ನೀರು ಹಲಗೆಯ ಮೇಲೆ ಹರಿಯುತ್ತಿರುವಾಗ ಯಂತ್ರವನ್ನೂ ಮನುಷ್ಯರನ್ನೂ ಸೇತುವೆಗೆ ಬಿಡಬಾರದು. ನೀರು ಇಳಿದ ಮೇಲೂ ಎಂಜಿನಿಯರ್ ಬಂದು ಕೂಡುರಸ್ತೆ ಮತ್ತು ಕಂಬದ ಬುಡ ನೋಡಬೇಕು, ಏಕೆಂದರೆ ಕಿಂಡಿ ಮುಚ್ಚಿದಾಗ ನೀರು ದಾರಿ ಹುಡುಕುತ್ತ ಬುಡದ ಮಣ್ಣನ್ನೇ ಕೊರೆದಿರುತ್ತದೆ. ಮೇಲಿನ ಸಡಿಲ ಕಸ, ಕೊಂಬೆ ಮೊದಲು, ಅಡಿಯ ದಿಮ್ಮಿ ಕೊನೆಗೆ. ಬಿಲ್ಲಿನಂತೆ ಬಾಗಿ ಬಿಗಿದಿರುವ ಮರಕ್ಕೆ ಗರಗಸ ಹಾಕಿದರೆ ತುಂಡಾದ ತುದಿ ಸಿಡಿದು ಕೊಯ್ಯುವವರ ಎದೆಗೇ ಬಡಿಯುತ್ತದೆ. ಎಳೆಯುವ ಉಕ್ಕಿನ ಹಗ್ಗ ಹರಿದರೂ ಅಷ್ಟೇ. ಹಗ್ಗದ ಉದ್ದದಷ್ಟು ದೂರದೊಳಗೆ ಯಾರೂ ನಿಲ್ಲಬಾರದು. ಹೊಳೆಯ ಮೇಲ್ಭಾಗದಲ್ಲಿ ಸೀಟಿ ಹಿಡಿದ ಒಬ್ಬರು ಹೊಸ ಮರ ಬರುವುದನ್ನೇ ಕಾಯುತ್ತಿರಬೇಕು, ಕೆಳಭಾಗದಲ್ಲಿ ಹಗ್ಗ ಮತ್ತು ಲೈಫ್ ಜಾಕೆಟ್ ಇರುವ ಅಗ್ನಿಶಾಮಕ ಸಿಬ್ಬಂದಿ. ಕತ್ತಲಾದ ಮೇಲೆ ಕೆಲಸ ನಿಲ್ಲಿಸಬೇಕು.

ಇನ್ನೊಂದು ಕೆಟ್ಟ ರೂಢಿ, ದಿಮ್ಮಿಯನ್ನು ಹಿಟಾಚಿಯಿಂದ ಆಚೆ ಬದಿಗೆ ತಳ್ಳಿ ಕೈ ತೊಳೆದುಕೊಳ್ಳುವುದು. ಹೆಬ್ಬಾಳೆಯಲ್ಲಿ ತಳ್ಳಿದ್ದು ಕೆಳಗೆ ಮಾಗುಂಡಿ, ಬಾಳೆಹೊನ್ನೂರಿನ ಕಡೆಗೇ ಹೋಗುತ್ತದೆ. ಸೇತುವೆ ಅಥವಾ ರಸ್ತೆಯ ಸಂಚಾರ ಅಪಾಯಕರವಾಗುವುದೆಂದು ತಿಳಿದೂ ಹಾನಿ ಮಾಡುವವರಿಗೆ ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಮಿನಲ್ಲಿ ಐದು ವರ್ಷದವರೆಗೆ ಶಿಕ್ಷೆಯಿದೆ. ಕಪಾತಿನ ಕಸ, ಮರಗಸಿಯ ಕೊಂಬೆಗಳನ್ನು ಹಳ್ಳಕ್ಕೆ ದೂಡುವ ತೋಟಗಳು ಇದನ್ನು ನೆನಪಿಡಬೇಕು.

ಕೆಲಸಕ್ಕೆ ಕರೆದವರ ಹೊಣೆಯೂ ಇದೆ. ಗುತ್ತಿಗೆದಾರರು ಕೂಲಿಗೆ ಇಳಿಸಿದ ಕಾರ್ಮಿಕರಿಗೆ ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡುವುದು ಕಾನೂನಿನ ಹೊರೆ, ಔದಾರ್ಯವಲ್ಲ. ವಿಪತ್ತಿನಲ್ಲಿ ಸತ್ತವರ ಕುಟುಂಬಕ್ಕೆ ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ 2022–26ರ ಮಾನದಂಡದಂತೆ 4 ಲಕ್ಷ ರೂಪಾಯಿ. ಪರಿಹಾರ ಕಾರ್ಯದಲ್ಲಿ ತೊಡಗಿ ಸತ್ತವರೂ ಇದರಲ್ಲಿ ಸೇರುತ್ತಾರೆ ಎಂಬುದು ಹಲವರಿಗೆ ಗೊತ್ತಿಲ್ಲ. ತೀವ್ರ ಗಾಯವಾಗಿ ವಾರಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲಿದ್ದರೆ 16,000, ಅದಕ್ಕಿಂತ ಕಡಿಮೆಯಾದರೆ 5,400 ರೂಪಾಯಿ. ಸಾವಿನ ಕಾರಣದ ಪ್ರಮಾಣಪತ್ರ ಬೇಕಾಗುವುದರಿಂದ ಪೊಲೀಸ್ ದೂರು, ಮರಣೋತ್ತರ ಪರೀಕ್ಷೆಯ ವರದಿ ಕೈಬಿಡಬಾರದು. ನೆರೆಯ ಸಂತ್ರಸ್ತರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ವಕೀಲರ ನೆರವು ಉಚಿತ. ಸಹಾಯವಾಣಿ 15100.

ಮರ ಎಲ್ಲಿಂದ ಬಂತು ಎಂದು ಕೇಳುವ ಹಕ್ಕೂ ಜನರದ್ದೇ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿದಾಗ ಬೇರಿನ ಸಮೇತ ಮರಗಳು ಹಳ್ಳಕ್ಕಿಳಿದವು. ಅದು ಭೂಕುಸಿತದ ಮರ. ಕೊಯ್ದ ತುದಿ ಸಪಾಟಾಗಿದ್ದರೆ ಕಥೆ ಬೇರೆ. 2025ರ ಸೆಪ್ಟೆಂಬರ್ 4ರಂದು, ಹಿಮಾಚಲದ ನೆರೆಯಲ್ಲಿ ರಾಶಿ ರಾಶಿ ದಿಮ್ಮಿ ತೇಲಿಬಂದ ವಿಡಿಯೊಗಳನ್ನು ಗಮನಿಸಿದ ಸುಪ್ರೀಂ ಕೋರ್ಟ್, ಮೇಲ್ನೋಟಕ್ಕೆ ಅಕ್ರಮ ಕಡಿತ ನಡೆದಂತಿದೆ ಎಂದು ಕೇಂದ್ರಕ್ಕೂ ರಾಜ್ಯಗಳಿಗೂ ನೋಟಿಸು ಕೊಟ್ಟಿತು. ಹೊಳೆಯ ಮರ ಸಾಕ್ಷಿಯಾಗಬಲ್ಲದು. ತುದಿಯ ಫೋಟೊ ತೆಗೆಯದೆ ಮರವನ್ನು ತುಂಡರಿಸಿದರೆ ಆ ಸಾಕ್ಷ್ಯವೂ ಹೋಯಿತು.

ಇಷ್ಟೆಲ್ಲ ಮಳೆಗಾಲದ ಮಾತು. ನಿಜವಾದ ಕೆಲಸ ಇರುವುದು ಬೇಸಿಗೆಯಲ್ಲಿ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಒಂದು ಅರ್ಜಿ ಸಾಕು: ಸೇತುವೆ ಯಾವ ವಿಭಾಗದ್ದು, ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ ಮತ್ತು ವರದಿಯ ನಕಲು, ಮಳೆಗಾಲಕ್ಕೆ ಮುನ್ನ ಕಿಂಡಿ ಸ್ವಚ್ಛಗೊಳಿಸಲು ಮಾಡಿದ ಖರ್ಚಿನ ಬಿಲ್ಲು, ತುರ್ತಿಗೆ ಗೊತ್ತುಮಾಡಿದ ಯಂತ್ರದ ವಿವರ. ಉತ್ತರ 30 ದಿನದೊಳಗೆ ಬರಬೇಕು. ವಿಷಯ ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಯೊಳಗೆ. ಬಾರದಿದ್ದರೆ 30 ದಿನದಲ್ಲಿ ಮೊದಲ ಮೇಲ್ಮನವಿ, ಅದರ ನಂತರ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಆ ಉತ್ತರವನ್ನು ಏಪ್ರಿಲ್ ಹೊತ್ತಿಗೆ ಗ್ರಾಮಸಭೆಯ ಮುಂದಿಟ್ಟು, ಕಿಂಡಿ ಬಿಡಿಸಲು, ಸೇತುವೆಯ ಎರಡೂ ತುದಿಗೆ ಗೇಟು ಮತ್ತು ನೀರಿನ ಮಟ್ಟದ ಗುರುತು ಹಾಕಲು ಠರಾವು ಮಾಡಿಸಬೇಕು. ಠರಾವಿನ ನಕಲನ್ನು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರುವುದನ್ನು ಮಾತ್ರ ಮರೆಯಬಾರದು.