ಪಿನ್ ಒತ್ತುವ ಮುಂಚೆ, ಒತ್ತಿದ ಮೇಲೆ

ಪಾವತಿ ಆ್ಯಪ್‌ಗಳ ವಿನ್ಯಾಸದಲ್ಲಿ ಟಾಸ್ಕ್ ಅನಾಲಿಸಿಸ್ (ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿ ನೋಡುವುದು) ಮತ್ತು ಸನ್ನಿವೇಶ (ಆ ಕೆಲಸ ನಡೆಯುವ ಪುಟ್ಟ ಕಥೆ), ಎರಡನ್ನೂ ಜೊತೆಗಿಟ್ಟುಕೊಂಡು ದುಡಿಯುತ್ತಾ ಕಲಿತದ್ದು ಇಷ್ಟು.

1. ಗುರಿಯನ್ನು ಬಳಕೆದಾರರ ಮಾತಿನಲ್ಲೇ ಬರೆಯಿರಿ. ಸೊಪ್ಪಿನ ಗಾಡಿಯ ಮುಂದೆ ನಿಂತವರಿಗೆ ‘ಯುಪಿಐ ವಹಿವಾಟು’ ಬೇಕಿಲ್ಲ. ದುಡ್ಡು ಕೊಟ್ಟು, ಸೊಪ್ಪು ತಗೊಂಡು ಹೊರಡಬೇಕು.

2. ಫೋನಿನ ಹೊರಗಿನ ಹೆಜ್ಜೆಗಳನ್ನೂ ಪಟ್ಟಿ ಮಾಡಿ. ಬೆಲೆ ಕೇಳುವುದು, ಚೀಲವನ್ನು ಇನ್ನೊಂದು ಕೈಗೆ ಬದಲಿಸುವುದು, ಹಣ ಬಂತೆಂದು ವ್ಯಾಪಾರಿಗೆ ಖಾತ್ರಿಯಾಗುವುದು. ಈ ಕೊನೆಯ ಹೆಜ್ಜೆ ಗಿರಾಕಿಯ ಪರದೆಯಲ್ಲಿ ನಡೆಯುವುದೇ ಇಲ್ಲ. ತೂಕ ಹಾಕುತ್ತಿರುವ ವ್ಯಾಪಾರಿಗೆ ಫೋನ್ ತೆಗೆದು ನೋಡುವ ಪುರುಸೊತ್ತೂ ಇಲ್ಲ. ಮೊತ್ತವನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್ ತುಂಬಿದ್ದು ಆ ಜಾಗವನ್ನೇ.

3. ಎಲ್ಲ ಹೆಜ್ಜೆಗಳನ್ನೂ ಒಂದೇ ಸಮನೆ ಬಿಡಿಸಬೇಡಿ. 1967ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿಗಳಾದ ಜಾನ್ ಅನೆಟ್ ಮತ್ತು ಕೀತ್ ಡಂಕನ್ ಕೊಟ್ಟ ಅಳತೆ ಈಗಲೂ ಸಾಕು: ತಪ್ಪುವ ಸಾಧ್ಯತೆ, ತಪ್ಪಿದರೆ ಆಗುವ ನಷ್ಟ, ಎರಡನ್ನೂ ಗುಣಿಸಿ ನೋಡಿ. ಕ್ಯೂಆರ್ ಸ್ಕ್ಯಾನ್ ಆಗದಿದ್ದರೆ ಮತ್ತೆ ಮಾಡಬಹುದು. ಪಿನ್ ಹಾಗಲ್ಲ, ಒತ್ತಿದರೆ ಹಣ ಹೋದಂತೆ. ಹಣ ಪಡೆಯಲು ಪಿನ್ ಬೇಕಿಲ್ಲವೆಂದು ಗೊತ್ತಿಲ್ಲದವರಿಗೇ ವಂಚಕರು ಬಲೆ ಬೀಸುತ್ತಾರೆ. ಯಾರಿಗೆ, ಎಷ್ಟು ಹೋಗುತ್ತಿದೆ ಎಂಬುದು ಪಿನ್ ಒತ್ತುವ ಗಳಿಗೆಯಲ್ಲೂ ಕಣ್ಣೆದುರಿಗಿರಬೇಕು.

4. ಸನ್ನಿವೇಶದಲ್ಲಿ ತೊಡಕಿರಲಿ, ಬಟನ್‌ಗಳ ಹೆಸರು ಬೇಡ. ‘ಗಿರಾಕಿ ಆ್ಯಪ್ ತೆರೆದು ಹಣ ಕಳಿಸಿದರು’ ಎಂದರೆ ಏನೂ ತಿಳಿಯದು. ಸಂಜೆಯ ಮಳೆ, ಬೆನ್ನ ಹಿಂದೆ ಜನ. ಹಣ ಕಡಿತವಾದ ಎಸ್‌ಎಂಎಸ್ ಬಂದಿದೆ, ಸೌಂಡ್‌ಬಾಕ್ಸ್ ಸುಮ್ಮನಿದೆ. ಮತ್ತೆ ಕಳಿಸಬೇಕೋ, ಕಾಯಬೇಕೋ? ‘ಪೆಂಡಿಂಗ್’ ಎಂಬ ಒಂದು ಪದ ಇದಕ್ಕೆ ಉತ್ತರವಾಗದು. ಬರೀ ಹೆಜ್ಜೆಗಳ ಪಟ್ಟಿಯಿದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ.

5. ಎಷ್ಟು ಸಮಯ ಉಳಿಯಿತು ಎನ್ನುವ ಮೊದಲು ಯಾವ ಸಮಯ ಉಳಿಯಿತು ಎಂದು ಕೇಳಿ. ಅಮೆರಿಕದ ನೈನೆಕ್ಸ್ ದೂರವಾಣಿ ಕಂಪನಿಯ ಆಪರೇಟರುಗಳಿಗೆಂದು ಬಂದ ಹೊಸ ಯಂತ್ರ ವೇಗದ್ದೆಂದು ಎಲ್ಲರ ನಂಬಿಕೆ. ನಿಧಾನದ್ದೆಂದು ಹೇಳಿತು ಹೆಜ್ಜೆಗಳ ವಿಶ್ಲೇಷಣೆ. ನಿಜವಾದ ಕರೆಗಳ ಮೇಲೆ ನಡೆದ ಪ್ರಯೋಗವೂ ಅದನ್ನೇ ತೋರಿಸಿತು. ಯಂತ್ರ ಉಳಿಸಿದ ಕೀಲಿಯೊತ್ತುಗಳು ಆಪರೇಟರು ಗ್ರಾಹಕರ ಮಾತಿಗಾಗಿ ಹೇಗೂ ಕಾಯುತ್ತಿದ್ದ ಹೊತ್ತಿನವು; ಅವು ಉಳಿದರೂ ಕರೆ ಬೇಗ ಮುಗಿಯಲಿಲ್ಲ.

6. ಗುರಿ ಮುಟ್ಟಿದ ಮೇಲೆ ಮಾಡಲೇಬೇಕಾದ ಹೆಜ್ಜೆ ಉಳಿಸಬೇಡಿ. ನೋಟು ಕೈಗೆ ಬಂದರೆ ಕಾರ್ಡು ಮರೆತುಹೋಗುತ್ತದೆ. ಅದಕ್ಕೇ ಅನೇಕ ಎಟಿಎಂಗಳು ಮೊದಲು ಕಾರ್ಡು ಮರಳಿಸಿ, ಆಮೇಲೆ ನೋಟು ಕೊಡುತ್ತವೆ. ಬಳಕೆದಾರರಿಂದ ಏನಾದರೂ ಆಗಲೇಬೇಕಿದ್ದರೆ ಹಣ ಹೋಗುವ ಮುಂಚೆಯೇ ಕೇಳಿ.